ಗೆರೆ, ಗಡಿಯಾರ, ತೀರ್ಪು: ಕ್ರೀಡೆಯಲ್ಲಿ ಅಳತೆಯ ತಂತ್ರಜ್ಞಾನ

ಕ್ರೀಡೆಗೆ ತಂತ್ರಜ್ಞಾನ ಬಂದ ದಾರಿಗಳು ಹಲವು. ಪೋಲ್‌ವಾಲ್ಟ್‌ನಲ್ಲಿ ಬಿದಿರಿನ ಕೋಲು ಹೋಗಿ ಫೈಬರ್ ಕೋಲು ಬಂತು. ಮಣ್ಣಿನ ಟ್ರ್ಯಾಕ್ ಹೋಗಿ ಸಿಂಥೆಟಿಕ್ ಟ್ರ್ಯಾಕ್ ಬಂತು. ಹಾಕಿ ಹುಲ್ಲಿನಿಂದ ಟರ್ಫ್‌ಗೆ ಏರಿತು. ಭಾರತದ ಪದಕಗಳ ಲೆಕ್ಕವೂ ಅದರೊಂದಿಗೆ ಏರುಪೇರಾಯಿತು. ಇವೆಲ್ಲ ಕಣ್ಣಿಗೆ ಕಾಣುವ ಬದಲಾವಣೆಗಳು. ಇವುಗಳಷ್ಟು ಎದ್ದು ಕಾಣದೆ ಆಟದ ಒಳಗೆ ಇನ್ನೂ ಆಳಕ್ಕೆ ಇಳಿದದ್ದು ಅಳತೆಯ ತಂತ್ರಜ್ಞಾನ. ಯಾರು ಮೊದಲು ಗೆರೆ ದಾಟಿದರು, ಚೆಂಡು ಬ್ಯಾಟಿಗೆ ತಾಗಿತೇ, ಗೋಲು ಆಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ ಸುಮಾರು ನೂರು ವರ್ಷಗಳಲ್ಲಿ ಕಣ್ಣಿನಿಂದ ಯಂತ್ರಕ್ಕೆ ಹೋಗಿದೆ. ಇದರಿಂದ ಮನುಷ್ಯನ ತೀರ್ಪು ಆಟದಿಂದ ಹೊರಬಿತ್ತು ಎಂಬ ನಂಬಿಕೆ ಸಾಮಾನ್ಯವಾಗಿದೆ. ಅಳತೆಯ ಇತಿಹಾಸವನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು, ಎಲ್ಲಿಗೆ ನಿಲ್ಲಿಸಬೇಕು, ಯಾವುದನ್ನು ಗೆರೆ ಎನ್ನಬೇಕು ಎಂಬುದನ್ನು ಇಂದಿಗೂ ಮನುಷ್ಯರೇ ನಿರ್ಧರಿಸುತ್ತಾರೆ. ಮೊದಲು ಮೈದಾನದಲ್ಲಿ ಎಲ್ಲರ ಎದುರಿಗೆ ನಿರ್ಧರಿಸುತ್ತಿದ್ದರು, ಈಗ ನಿಯಮಗಳನ್ನು ಬರೆಯುವ ಸಮಿತಿಯಲ್ಲಿ ಕುಳಿತು ನಿರ್ಧರಿಸುತ್ತಾರೆ.

ಓಟದ ಸಮಯವನ್ನು ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನಿಂದ ಅಳೆಯುವ ಪದ್ಧತಿ ಬಹಳ ಕಾಲ ನಡೆಯಿತು, ಶಾಲೆ ಕಾಲೇಜುಗಳ ಮಟ್ಟದಲ್ಲಿ ಇಂದಿಗೂ ನಡೆಯುತ್ತಿದೆ. ಅಂತಿಮ ಗೆರೆಯ ಬಳಿ ನಿಂತವರು ಪಿಸ್ತೂಲಿನ ಸದ್ದಿಗೆ ಕಿವಿ ಕೊಡುವುದಿಲ್ಲ, ಅದರ ಕಿಡಿ ಅಥವಾ ಹೊಗೆಗೆ ಕಣ್ಣಿಡುತ್ತಾರೆ. ನೂರು ಮೀಟರ್ ದೂರದಿಂದ ಸದ್ದು ಬಂದು ತಲಪಲು ಸುಮಾರು 0.3 ಸೆಕೆಂಡು ಬೇಕು. ಕಿರು ಓಟದಲ್ಲಿ ಅದು ಚಿನ್ನಕ್ಕೂ ಕೊನೆಯ ಸ್ಥಾನಕ್ಕೂ ನಡುವಿನ ಅಂತರ. ಕಿಡಿ ಕಂಡ ಮೇಲೂ ಹೆಬ್ಬೆರಳು ಗುಂಡಿ ಒತ್ತುವುದು ತುಸು ತಡವಾಗಿಯೇ. ಓಟದ ಕೊನೆಯಲ್ಲಿ ಹಾಗಾಗುವುದಿಲ್ಲ. ಓಟಗಾರ ಎದುರಿಗೇ ಬರುತ್ತಿರುವುದು ಕಾಣುವುದರಿಂದ ಬೆರಳು ಮೊದಲೇ ಸಿದ್ಧವಾಗಿರುತ್ತದೆ. ಆರಂಭದಲ್ಲಿ ತಡ, ಅಂತ್ಯದಲ್ಲಿ ತಡವಿಲ್ಲ. ಹಾಗಾಗಿ ಹೀಗೆ ಕೈಯಿಂದ ಅಳೆದ ಸಮಯ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಬರುತ್ತದೆ. ನೂರು ಮತ್ತು ಇನ್ನೂರು ಮೀಟರಿನ ಕೈ ಸಮಯವನ್ನು ಯಂತ್ರದ ಸಮಯದೊಂದಿಗೆ ಹೋಲಿಸುವಾಗ 0.24 ಸೆಕೆಂಡು, ನಾನೂರು ಮೀಟರಿಗೆ 0.14 ಸೆಕೆಂಡು ಸೇರಿಸುವ ರೂಢಿ ಬಂದದ್ದು ಇದರಿಂದ. ಮೂರು ಗಡಿಯಾರಗಳು ಮೂರು ಸಮಯ ತೋರಿಸಿದರೆ ನಡುವಿನದನ್ನು ತೆಗೆದುಕೊಳ್ಳಬೇಕು, ಎರಡು ಒಂದೇ ಆದರೆ ಅದನ್ನೇ ಒಪ್ಪಬೇಕು ಎಂಬ ನಿಯಮವೂ ಇದೆ. ಬೆರಳು ತಪ್ಪುತ್ತದೆ ಎಂಬುದು ನಿಯಮ ಬರೆದವರಿಗೆ ಗೊತ್ತಿತ್ತು. ಆ ತಪ್ಪಿಗೊಂದು ಮಿತಿ ಹಾಕುವುದಷ್ಟೇ ಅವರ ಕೈಯಲ್ಲಿತ್ತು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ವಿದ್ಯುತ್ ಗಡಿಯಾರವನ್ನೂ ಅಂತಿಮ ಗೆರೆಯ ಕ್ಯಾಮೆರಾವನ್ನೂ ಪ್ರಯೋಗಿಸಿದರು. 1932ರಲ್ಲಿ ಲಾಸ್ ಏಂಜಲಿಸ್‌ಗೆ ಒಮೆಗಾ ಕಂಪನಿ ಮೂವತ್ತು ಸ್ಟಾಪ್‌ವಾಚ್‌ಗಳನ್ನು ಒದಗಿಸಿತು. ಆ ಕೂಟದ ನೂರು ಮೀಟರ್ ಫೈನಲ್‌ನಲ್ಲಿ ಅಮೆರಿಕದ ಎಡ್ಡಿ ಟೋಲನ್ ಮತ್ತು ರಾಲ್ಫ್ ಮೆಟ್‌ಕಾಫ್ ಇಬ್ಬರ ಸಮಯವೂ 10.3 ಸೆಕೆಂಡು. ಫಿಲ್ಮ್ ನೋಡಿದ ಮೇಲೆ ಚಿನ್ನ ಟೋಲನ್‌ಗೆ ಹೋಯಿತು. ಇಂದು ಫೋಟೊ ಫಿನಿಶ್ ಎಂದು ಕರೆಯುವ ಸೀಳು ಕ್ಯಾಮೆರಾ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನೆಲೆಯೂರಿತು.

ಸೀಳು ಕ್ಯಾಮೆರಾ ಕೆಲಸ ಮಾಡುವ ಬಗೆ ವಿಶಿಷ್ಟ. ಇದಕ್ಕೆ ಸಾಮಾನ್ಯ ಕ್ಯಾಮೆರಾದಂತೆ ಅಗಲವಾದ ನೋಟವಿಲ್ಲ. ಅಂತಿಮ ಗೆರೆಯ ನೇರಕ್ಕೆ ನಿಲ್ಲಿಸಿದ ಕೂದಲೆಳೆಯಷ್ಟು ತೆಳ್ಳಗಿನ ಲಂಬ ಸೀಳಿನ ಮೂಲಕ ಅದು ಗೆರೆಯನ್ನು ಮಾತ್ರ ನೋಡುತ್ತಿರುತ್ತದೆ. ಸೀಳಿನ ಹಿಂದೆ ಫಿಲ್ಮ್ ಒಂದೇ ವೇಗದಲ್ಲಿ ಸರಿಯುತ್ತದೆ. ಈಗ ಫಿಲ್ಮಿನ ಬದಲು ಸಂವೇದಕವು ಸೆಕೆಂಡಿಗೆ ಸಾವಿರಾರು ಸಲ ಅದೇ ಸೀಳನ್ನು ದಾಖಲಿಸಿ ಪಕ್ಕಪಕ್ಕಕ್ಕೆ ಜೋಡಿಸುತ್ತದೆ. ಚಿತ್ರದಲ್ಲಿ ಎಡದಿಂದ ಬಲಕ್ಕೆ ಕಾಣುವುದು ದೂರವಲ್ಲ, ಸಮಯ. ಎಂಟು ಜನ ಓಟಗಾರರು ಒಂದೇ ಚಿತ್ರದಲ್ಲಿ ಕಂಡರೂ ಆ ಎಂಟು ಜನ ಒಂದೇ ಕ್ಷಣದಲ್ಲಿ ಹಾಗೆ ಇರಲಿಲ್ಲ. ಪ್ರತಿಯೊಬ್ಬನೂ ತಾನು ಗೆರೆಯ ಮೇಲೆ ಬಂದ ಕ್ಷಣದಲ್ಲಿ ಮಾತ್ರ ದಾಖಲಾಗಿದ್ದಾನೆ. ಪಾದ ನೇರ ಗೆರೆಯ ಮೇಲೆ ಊರಿದ್ದರೆ ಅದು ಅಲ್ಲಿ ನಿಂತಷ್ಟು ಹೊತ್ತೂ ದಾಖಲಾಗುತ್ತಾ ಹೋಗಿ ಮಾರುದ್ದ ಹಿಗ್ಗಿದ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಇದು ಕೆಟ್ಟುಹೋದ ಚಿತ್ರ ಅನ್ನಿಸುವುದು ಸಹಜ.

ಚಿತ್ರ ಬಂದ ಮಾತ್ರಕ್ಕೆ ಫಲಿತಾಂಶ ಬರುವುದಿಲ್ಲ. ತೀರ್ಪುಗಾರರು ಪರದೆಯ ಮೇಲೆ ಒಂದು ಲಂಬ ಗೆರೆಯನ್ನು ಸರಿಸುತ್ತಾ ಓಟಗಾರನ ಮುಂಡ ಎಲ್ಲಿ ಮೊದಲಾಗುತ್ತದೆಂದು ಗುರುತಿಸುತ್ತಾರೆ. ತಲೆ, ಕುತ್ತಿಗೆ, ತೋಳು, ಕಾಲು ಲೆಕ್ಕಕ್ಕಿಲ್ಲ. ಅಂಗಿಯ ಅಂಚು ಯಾವುದು, ಭುಜ ಮುಗಿದು ತೋಳು ಶುರುವಾಗುವುದು ಎಲ್ಲಿ ಎಂಬುದನ್ನು ಕಣ್ಣೇ ಹೇಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ನೂರು ಮೀಟರ್ ಫೈನಲ್‌ನಲ್ಲಿ ನೋವಾ ಲೈಲ್ಸ್ ಮತ್ತು ಜಮೈಕದ ಕಿಶಾನೆ ಥಾಮ್ಸನ್ ಇಬ್ಬರಿಗೂ ಬಂದದ್ದು 9.79. ಸಾವಿರದ ಲೆಕ್ಕಕ್ಕೆ ಇಳಿದಾಗ ಲೈಲ್ಸ್ 9.784, ಥಾಮ್ಸನ್ 9.789. ಥಾಮ್ಸನ್‌ನ ಪಾದ ಗೆರೆಯನ್ನು ಮೊದಲೇ ದಾಟಿತ್ತು. ಲೈಲ್ಸ್‌ನ ಎದೆ ಮೊದಲು ಬಂತು. ಅಲ್ಲಿದ್ದ ಕ್ಯಾಮೆರಾ ಸೆಕೆಂಡಿಗೆ 40,000 ಚಿತ್ರ ತೆಗೆಯುವಂಥದ್ದು. ಆ ಕ್ಯಾಮೆರಾಕ್ಕೆ ಪಾದವೂ ಒಂದೇ, ಎದೆಯೂ ಒಂದೇ. ಚಿನ್ನ ಎದೆಗೆ ಸೇರಬೇಕೆಂದು ಹೇಳಿದ್ದು ನಿಯಮ.

ಭಾರತೀಯರ ನೆನಪಿನಲ್ಲಿ ಉಳಿದ ಎರಡು ನಾಲ್ಕನೇ ಸ್ಥಾನಗಳೂ ಈ ಕಥೆಗೆ ಸೇರಿದವು. 1960ರ ರೋಮ್‌ನಲ್ಲಿ ನಾನೂರು ಮೀಟರ್ ಓಡಿದ ಮಿಲ್ಖಾ ಸಿಂಗ್ ಅವರಿಗೆ ಎರಡು ಸಮಯಗಳಿವೆ: ಸ್ಟಾಪ್‌ವಾಚ್‌ನಲ್ಲಿ 45.6, ಯಂತ್ರದಲ್ಲಿ 45.73. ಕಂಚು ಗೆದ್ದ ದಕ್ಷಿಣ ಆಫ್ರಿಕಾದ ಮಾಲ್ಕಮ್ ಸ್ಪೆನ್ಸ್‌ಗೂ ಹಾಗೆಯೇ 45.5 ಮತ್ತು 45.60. ಆ ಓಟದ ಮೊದಲಿಬ್ಬರಾದ ಓಟಿಸ್ ಡೇವಿಸ್ ಮತ್ತು ಕಾರ್ಲ್ ಕಾಫ್‌ಮನ್ ಸ್ಟಾಪ್‌ವಾಚ್‌ನಲ್ಲಿ ಸಮನಾಗಿ 44.9ಕ್ಕೆ ಬಂದರು, ಇಬ್ಬರ ಹೆಸರೂ ವಿಶ್ವದಾಖಲೆಗೆ ಸೇರಿತು. ಯಂತ್ರದ ಪ್ರಕಾರ ಅದು 45.07 ಮತ್ತು 45.08. ಅಂದರೆ ಒಂದೇ ಓಟದಲ್ಲಿ ದಾಖಲೆಯನ್ನು ಕೈ ಕೊಟ್ಟಿತು, ಚಿನ್ನವನ್ನು ಕ್ಯಾಮೆರಾ ಕೊಟ್ಟಿತು. 1998ರವರೆಗೂ ಉಳಿದ ಮಿಲ್ಖಾ ಅವರ ರಾಷ್ಟ್ರೀಯ ದಾಖಲೆಯನ್ನು ಕುರಿತು ಬರೆಯುವವರು ಒಮ್ಮೆ 45.6 ಎಂದೂ ಒಮ್ಮೆ 45.73 ಎಂದೂ ಬರೆಯುತ್ತಾರೆ. ಎರಡೂ ಸರಿ, ಯಾವ ಗಡಿಯಾರ ಎಂದು ಹೇಳದಿದ್ದರೆ ಎರಡೂ ತಪ್ಪು. 1984ರ ಲಾಸ್ ಏಂಜಲಿಸ್‌ನ ನಾನೂರು ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ 55.42, ಕಂಚು ಗೆದ್ದ ರುಮೇನಿಯದ ಓಟಗಾರ್ತಿ 55.41. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೆಂದರೆ ಸುಮಾರು ಏಳು ಸೆಂಟಿಮೀಟರ್. ಹಳೆಯ ಸ್ಟಾಪ್‌ವಾಚ್‌ಗಳಾಗಿದ್ದರೆ ಇಬ್ಬರಿಗೂ ಒಂದೇ ಸಮಯ ಬರೆದು, ಸ್ಥಾನವನ್ನು ಗೆರೆಯ ತೀರ್ಪುಗಾರರ ಕಣ್ಣಿಗೆ ಬಿಡುತ್ತಿದ್ದರು.

ಓಟದ ಆರಂಭಕ್ಕೂ ಇಂಥದ್ದೇ ಒಂದು ಗೆರೆಯಿದೆ. ಪಿಸ್ತೂಲು ಸಿಡಿದ 0.1 ಸೆಕೆಂಡಿನೊಳಗೆ ಓಟಗಾರನ ಪಾದ ಬ್ಲಾಕನ್ನು ಒತ್ತಿದರೆ ಅವನು ಸದ್ದು ಕೇಳಿ ಹೊರಟಿಲ್ಲ, ಊಹಿಸಿ ಹೊರಟಿದ್ದಾನೆ ಎಂದು ನಿಯಮ ಭಾವಿಸುತ್ತದೆ. ಸದ್ದು ಎಲ್ಲರಿಗೂ ಒಟ್ಟಿಗೆ ಕೇಳಲೆಂದು ಪ್ರತಿ ಓಟಗಾರನ ಹಿಂದೆಯೂ ಒಂದು ಸ್ಪೀಕರ್ ಇರುತ್ತದೆ. 1.22 ಮೀಟರ್ ಅಗಲದ ಎಂಟು ಲೇನ್‌ಗಳನ್ನು ದಾಟಿ ಬರಿಯ ಪಿಸ್ತೂಲಿನ ಸದ್ದು ಹೋಗಬೇಕಾಗಿದ್ದರೆ ಕೊನೆಯವನು ಸೆಕೆಂಡಿನ ನೂರನೇ ಎರಡು ಭಾಗಕ್ಕಿಂತ ಹೆಚ್ಚು ನಷ್ಟ ಅನುಭವಿಸುತ್ತಿದ್ದ. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಹರ್ಡಲ್ಸ್ ಓಟಗಾರ ಡೆವನ್ ಅಲೆನ್ 0.099 ಸೆಕೆಂಡಿಗೆ ಹೊರಟದ್ದಕ್ಕೆ ಫೈನಲ್‌ನಿಂದ ಹೊರಬಿದ್ದ. ಸಾವಿರದ ಒಂದು ಭಾಗ ಬೇಗ! ಬರಿಗಣ್ಣಿಗೆ ಕಾಣದ ಅಪರಾಧ ಅದು. ಮನುಷ್ಯನ ನರಮಂಡಲ 0.1ಕ್ಕಿಂತ ಬೇಗ ಸ್ಪಂದಿಸಲಾರದು ಎಂಬುದು ನಿಸರ್ಗ ಎಳೆದ ಗೆರೆಯಲ್ಲ. ದುಂಡು ಸಂಖ್ಯೆಯೊಂದನ್ನು ಆರಿಸಿಕೊಂಡವರು ಎಳೆದದ್ದು.

ಇನ್ನೂ ಸೂಕ್ಷ್ಮವಾಗಿ ಅಳೆಯಬಲ್ಲ ಯಂತ್ರವನ್ನು ಬೇಕೆಂದೇ ಹಿಂದಕ್ಕೆ ಸರಿಸಿದ ಅಪರೂಪದ ಉದಾಹರಣೆ ಈಜಿನಲ್ಲಿದೆ. 1960ರ ರೋಮ್‌ನ ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ಆಸ್ಟ್ರೇಲಿಯದ ಜಾನ್ ಡೆವಿಟ್ ಮತ್ತು ಅಮೆರಿಕದ ಲ್ಯಾನ್ಸ್ ಲಾರ್ಸನ್ ಹೆಚ್ಚೂಕಡಿಮೆ ಒಟ್ಟಿಗೆ ಗೋಡೆ ಮುಟ್ಟಿದರು. ಡೆವಿಟ್‌ನ ಮೂರು ಗಡಿಯಾರಗಳೂ 55.2 ತೋರಿಸಿದವು. ಲಾರ್ಸನ್‌ನವು 55.0, 55.1, 55.1. ಮೊದಲ ಸ್ಥಾನ ನೋಡುವ ಮೂವರಲ್ಲಿ ಇಬ್ಬರು ಡೆವಿಟ್ ಗೆದ್ದನೆಂದರು. ಎರಡನೇ ಸ್ಥಾನ ನೋಡುವ ಮೂವರಲ್ಲಿ ಇಬ್ಬರು ಡೆವಿಟ್ ಎರಡನೆಯವನೆಂದರು. ಕೊನೆಗೆ ಮುಖ್ಯ ತೀರ್ಪುಗಾರ ಡೆವಿಟ್ ಪರ ನಿಂತ. ಚಿನ್ನ ಅವನಿಗೆ ಹೋಯಿತು, ಲಾರ್ಸನ್‌ನ ಸಮಯವನ್ನು 55.2 ಎಂದು ಹೊಂದಿಸಿ ಬರೆಯಲಾಯಿತು. ಗಡಿಯಾರವನ್ನು ತೀರ್ಪಿಗೆ ತಕ್ಕಂತೆ ತಿದ್ದಿದ ಈ ಘಟನೆಯ ಮುಜುಗರ ಸಣ್ಣದಲ್ಲ. ಎಂಟು ವರ್ಷಗಳ ನಂತರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಟಚ್‌ಪ್ಯಾಡ್ ಬಂತು. ಕೊಳದ ಗೋಡೆಗೆ ತೂಗುಹಾಕಿದ ಈ ಹಲಗೆಯನ್ನು ಈಜುಗಾರ ಒತ್ತಿದೊಡನೆ ಅವನ ಗಡಿಯಾರ ತಾನೇ ನಿಲ್ಲುತ್ತದೆ. ನೀರಿನ ಅಲೆ ಬಡಿದರೆ ನಿಲ್ಲುವುದಿಲ್ಲ. ಕೈ ಬರಿದೇ ಸೋಕಿದರೂ ನಿಲ್ಲುವುದಿಲ್ಲ.

ಹೀಗೆ ಯಂತ್ರ ಗೆದ್ದ ಮೇಲೆ 1972ರ ಮ್ಯೂನಿಕ್ ಬಂತು. ನಾನೂರು ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮಕ್ಕೀ ಇಬ್ಬರೂ 4 ನಿಮಿಷ 31.98 ಸೆಕೆಂಡಿಗೆ ಬಂದರು. ಗಡಿಯಾರ ಸಾವಿರದ ಲೆಕ್ಕವನ್ನೂ ಇಟ್ಟಿತ್ತು: 31.981 ಮತ್ತು 31.983. ಚಿನ್ನ ಲಾರ್ಸನ್‌ಗೆ. ಈಜಿನ ವೇಗದಲ್ಲಿ ಆ ಅಂತರ ಸುಮಾರು ಮೂರು ಮಿಲಿಮೀಟರ್. ಆದರೆ ಕೊಳ ಕಟ್ಟುವವನು ಕಾಂಕ್ರೀಟ್ ಗೋಡೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಕಟ್ಟಲಾರ. ಐವತ್ತು ಮೀಟರ್ ಕೊಳದ ಒಂದು ಲೇನ್ ಇನ್ನೊಂದಕ್ಕಿಂತ ಮೂರು ಸೆಂಟಿಮೀಟರ್‌ನಷ್ಟು ಉದ್ದವಿರಲು ನಿಯಮವೇ ಅವಕಾಶ ಕೊಟ್ಟಿತ್ತು. ನಾನೂರು ಮೀಟರಿಗೆ ಕೊಳದ ಉದ್ದವನ್ನು ಎಂಟು ಸಲ ಈಜಿದವನಿಗೆ ಅದು ಇಪ್ಪತ್ತನಾಲ್ಕು ಸೆಂಟಿಮೀಟರ್ ವ್ಯತ್ಯಾಸವಾಗಬಹುದಿತ್ತು. ಗೋಡೆಗೇ ಇಲ್ಲದ ನಿಖರತೆಯನ್ನು ಗಡಿಯಾರ ಈಜುಗಾರರ ಮೇಲೆ ಹೇರಿತ್ತು. ಇದನ್ನರಿತ ಈಜು ಸಂಸ್ಥೆ ಸಾವಿರದ ಲೆಕ್ಕವನ್ನು ಕೈಬಿಟ್ಟು ನೂರರಲ್ಲಿಯೇ ನಿಂತಿತು. 1984ರಲ್ಲಿ ಅಮೆರಿಕದ ಇಬ್ಬರು ಹುಡುಗಿಯರು 55.92ಕ್ಕೆ ಬಂದು ಚಿನ್ನವನ್ನು ಹಂಚಿಕೊಂಡರು. 2016ರ ರಿಯೋದಲ್ಲಿ ನೂರು ಮೀಟರ್ ಬಟರ್‌ಫ್ಲೈನಲ್ಲಿ ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲೋಸ್, ಲಾಸ್ಲೋ ಚೆ ಮೂವರೂ 51.14ಕ್ಕೆ ಬಂದು ಮೂರು ಬೆಳ್ಳಿ ಪದಕ ಕೊಡಬೇಕಾಯಿತು, ಕಂಚು ಯಾರಿಗೂ ಇರಲಿಲ್ಲ. ಕ್ರೀಡೆಯ ಅಳತೆಯಲ್ಲಿ ಇಷ್ಟು ವಿವೇಕದ ನಿರ್ಧಾರ ಇನ್ನೊಂದಿರಲಾರದು.

ಕ್ರಿಕೆಟ್ಟಿನ ದಾರಿ ಬೇರೆ. ಅಲ್ಲಿ ಯಂತ್ರ ಮೊದಲು ಬಂದದ್ದು ಆದದ್ದನ್ನು ಮತ್ತೊಮ್ಮೆ ತೋರಿಸಲು. 1992ರ ನವೆಂಬರ್‌ನಲ್ಲಿ ಡರ್ಬನ್ ಟೆಸ್ಟಿನಲ್ಲಿ ಸಚಿನ್ ತೆಂಡೂಲ್ಕರ್ ಅವರ ರನೌಟನ್ನು ಟಿ.ವಿ. ಮುಂದೆ ಕುಳಿತ ಮೂರನೇ ಅಂಪೈರ್ ಕಾರ್ಲ್ ಲೀಬೆನ್‌ಬರ್ಗ್ ನಿರ್ಧರಿಸಿದರು. ಹಾಗೆ ಔಟಾದವರಲ್ಲಿ ತೆಂಡೂಲ್ಕರ್ ಮೊದಲಿಗರು. ರನೌಟಿನಲ್ಲಿ ಊಹೆಗೆ ಜಾಗವಿಲ್ಲ. ಬೇಲ್ಸ್ ಹಾರಿದಾಗ ಬ್ಯಾಟ್ ಎಲ್ಲಿತ್ತು ಎಂಬುದು ನಡೆದುಹೋದ ಸಂಗತಿ. ಎಲ್‌ಬಿಡಬ್ಲ್ಯು ಹಾಗಲ್ಲ. ಪ್ಯಾಡ್ ಅಡ್ಡ ಬರದಿದ್ದರೆ ಚೆಂಡು ಸ್ಟಂಪಿಗೆ ಬಡಿಯುತ್ತಿತ್ತೇ ಎಂಬುದು ಆಗದೇ ಹೋದದ್ದರ ಪ್ರಶ್ನೆ. ಇಂಗ್ಲೆಂಡಿನ ಪಾಲ್ ಹಾಕಿನ್ಸ್ ರೂಪಿಸಿದ ಹಾಕ್ ಐ 2001ರಲ್ಲಿ ಟಿ.ವಿ. ಪ್ರೇಕ್ಷಕರ ಮುಂದೆ ಬಂದಾಗ ಈ ಪ್ರಶ್ನೆಗೆ ಬಣ್ಣದ ಗೆರೆಯೊಂದು ಉತ್ತರವಾಯಿತು. ಮೈದಾನದ ಸುತ್ತಲಿನ ಹಲವು ಕ್ಯಾಮೆರಾಗಳು ಚೆಂಡನ್ನು ಬೇರೆ ಬೇರೆ ಕೋನಗಳಿಂದ ಹಿಡಿಯುತ್ತವೆ. ಅವನ್ನು ಕೂಡಿಸಿ ಕಂಪ್ಯೂಟರ್ ಚೆಂಡಿನ ಸ್ಥಾನವನ್ನು ಕ್ಷಣಕ್ಷಣಕ್ಕೂ ಗುರುತಿಸುತ್ತದೆ. ಪ್ಯಾಡಿಗೆ ತಾಗುವವರೆಗಿನದು ಅಳತೆ, ಅದರಾಚೆಯದು ಲೆಕ್ಕಾಚಾರದ ಊಹೆ. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಗೆರೆಯ ಮುಂದುವರಿಕೆಯಾಗಿ ಕಾಣುತ್ತವೆ. ನೋಡುಗರ ಗೊಂದಲದ ಬೇರು ಇಲ್ಲಿದೆ.

ಆ ಗೊಂದಲ ಬೆಂಗಳೂರಿನಲ್ಲೇ ಒಮ್ಮೆ ಬಯಲಾಯಿತು. 2011ರ ಫೆಬ್ರವರಿ 27ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಭಾರತ–ಇಂಗ್ಲೆಂಡ್ ಪಂದ್ಯ. ಯುವರಾಜ್ ಸಿಂಗ್ ಎಸೆತ ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು. ಅಂಪೈರ್ ಬಿಲ್ಲಿ ಬೌಡೆನ್ ನಾಟೌಟ್ ಎಂದರು, ಭಾರತ ಮರುಪರಿಶೀಲನೆ ಕೇಳಿತು. ಹಾಕ್ ಐ ಚೆಂಡು ಸ್ಟಂಪಿಗೆ ಬಡಿಯುವುದನ್ನೇ ತೋರಿಸಿತು. ಆದರೂ ಬೆಲ್ ಉಳಿದರು. ಬೆಲ್ ಸ್ಟಂಪಿನಿಂದ 2.5 ಮೀಟರಿಗಿಂತ ಮುಂದೆ ಬಂದಿದ್ದರು. ಅಷ್ಟು ದೂರದಿಂದ ಮಾಡಿದ ಊಹೆಯನ್ನು ಪೂರ್ತಿ ನಂಬಬಾರದು, ಅಂಥಲ್ಲಿ ಮೈದಾನದ ಅಂಪೈರ್ ಮಾತಿಗೆ ತೂಕ ಕೊಡಬೇಕು ಎಂಬ ನಿಯಮ ಆಗ ಇತ್ತು. ಕ್ರೀಡಾಂಗಣದಲ್ಲಿ ಕುಳಿತ ಸಾವಿರಾರು ಜನರಿಗೆ ಈ 2.5ರ ವಿಷಯವೇ ಗೊತ್ತಿರಲಿಲ್ಲ. ನಾಯಕ ಧೋನಿ ಬಹಿರಂಗವಾಗಿಯೇ ಅಸಮಾಧಾನ ತೋರಿದರು. ಪಂದ್ಯ 338 ರನ್ನುಗಳಲ್ಲಿ ಸಮನಾಗಿ ಮುಗಿಯಿತು. ನಿಯಮದ ಹಿಂದಿನ ತರ್ಕ ಸರಿಯಾಗಿಯೇ ಇತ್ತು, ಅದನ್ನು ನೋಡುಗರಿಗೆ ತಿಳಿಸುವ ಕೆಲಸ ಆಗಿರಲಿಲ್ಲ.

ಇಂದಿನ ‘ಅಂಪೈರ್ಸ್ ಕಾಲ್’ ಅದೇ ತರ್ಕದ ಮುಂದುವರಿಕೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಾಗುವಂತೆ ಕಂಡರೆ ಅಂಪೈರ್ ಮೊದಲು ಹೇಳಿದ್ದೇ ನಿಲ್ಲುತ್ತದೆ. ಒಂದೇ ಚಿತ್ರಕ್ಕೆ ಒಬ್ಬ ಔಟ್, ಇನ್ನೊಬ್ಬ ನಾಟೌಟ್ ಆಗುವುದು ಇದರಿಂದ. ಇದನ್ನು ಅನ್ಯಾಯ ಎನ್ನುವವರು ಅನೇಕ. ಕರ್ನಾಟಕದ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿ 2021ರಲ್ಲಿ ಅದನ್ನು ಉಳಿಸಿಕೊಂಡಿತು. ಸ್ಟಂಪಿನ ಎತ್ತರದ ಮಿತಿಯನ್ನು ಮಾತ್ರ ಬೇಲ್ಸ್‌ನ ಕೆಳಗಿನಿಂದ ಸ್ಟಂಪಿನ ತುದಿಗೆ ಏರಿಸಲಾಯಿತು. 2008ರಲ್ಲಿ ಶ್ರೀಲಂಕಾದಲ್ಲಿ ಮರುಪರಿಶೀಲನೆ ಪದ್ಧತಿಯ ಮೊದಲ ಪ್ರಯೋಗ ನಡೆದಾಗ ಭಾರತದ ನಾಯಕರಾಗಿದ್ದವರೂ ಕುಂಬ್ಳೆಯೇ. ದ್ವಿಪಕ್ಷೀಯ ಸರಣಿಗಳಲ್ಲಿ ಅದನ್ನು ವರ್ಷಗಟ್ಟಲೆ ಬೇಡವೆಂದ ಭಾರತ 2016ರಲ್ಲಿ ಒಪ್ಪಿಕೊಂಡಾಗ ತಂಡದ ತರಬೇತುದಾರರೂ ಅವರೇ. ಯಂತ್ರ ತನ್ನ ಅನಿಶ್ಚಿತತೆಯನ್ನು ತಾನೇ ಒಪ್ಪಿಕೊಳ್ಳುವಂತೆ ಮಾಡಿದ ನಿಯಮ ಎಂಬ ಕಾರಣಕ್ಕೆ ಅಂಪೈರ್ಸ್ ಕಾಲ್ ಸಮರ್ಥನೀಯ.

ಟೆನ್ನಿಸ್ ಆ ಮಟ್ಟಿನ ಅನುಮಾನವನ್ನೂ ಇಟ್ಟುಕೊಂಡಿಲ್ಲ. 2025ರಿಂದ ವಿಂಬಲ್ಡನ್‌ನಲ್ಲಿ ಗೆರೆಯ ತೀರ್ಪುಗಾರರೇ ಇಲ್ಲ, ಯಂತ್ರವೇ ಕೂಗಿ ಹೇಳುತ್ತದೆ. ಅದೇ ವರ್ಷ ಒಂದು ಪಂದ್ಯದಲ್ಲಿ ಅಂಕಣದ ಒಂದು ಬದಿಯ ವ್ಯವಸ್ಥೆಯನ್ನು ಸಿಬ್ಬಂದಿ ತಪ್ಪಿ ಆರಿಸಿಬಿಟ್ಟಿದ್ದರಿಂದ ಹೊರಗೆ ಬಿದ್ದ ಚೆಂಡಿಗೆ ಸದ್ದೇ ಬರಲಿಲ್ಲ. ಫುಟ್‌ಬಾಲ್‌ನಲ್ಲಿ 2010ರ ವಿಶ್ವಕಪ್ಪಿನಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿದರೂ ಗೋಲು ಸಿಗದ ಮೇಲೆ ಗೋಲ್‌ಲೈನ್ ತಂತ್ರಜ್ಞಾನಕ್ಕೆ ದಾರಿಯಾಯಿತು. 2022ರ ಕತಾರ್‌ನಲ್ಲಿ ಆಫ್‌ಸೈಡ್ ಹಿಡಿಯಲು ಹನ್ನೆರಡು ಕ್ಯಾಮೆರಾಗಳು ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ ಐವತ್ತು ಸಲ ಗುರುತಿಸಿದವು. ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ ಐನೂರು ಸಲ ಮಾಹಿತಿ ಕಳಿಸಿತು. ಭುಜದ ಒಂದು ಅಂಚಿಗೆ ಗೋಲು ರದ್ದಾಗುವುದು ಈಗ ಮಾಮೂಲು. ಮುಂದೆ ನಿಂತು ಅನುಕೂಲ ಪಡೆಯುವುದನ್ನು ತಡೆಯಲು ಹುಟ್ಟಿದ ನಿಯಮವನ್ನು ಹೀಗೆ ಬೆರಳಗಲಕ್ಕೆ ಅಳೆದರೆ ಈಜುಕೊಳದ ಹಳೆಯ ತಪ್ಪೇ ಮತ್ತೆ ಆಗುತ್ತದೆ.

ಸ್ಪರ್ಧೆಯ ಹೊರಗೆ, ಬೆಳಗಿನ ನಡಿಗೆಗೆ ಹೊರಟವರ ಮಣಿಕಟ್ಟಿಗೂ ಅಳತೆ ಬಂದಿದೆ. ಗಡಿಯಾರದ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ನೋಡಿ ನಾಡಿಯನ್ನು ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಜೋರಾಗಿ ಬೀಸುತ್ತಿದ್ದರೆ ಲೆಕ್ಕ ತಪ್ಪುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿ ಬಂದದ್ದು ವೈದ್ಯಶಾಸ್ತ್ರದಿಂದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಸಾಧನದ ಹೆಸರೇ ಹಾಗಿತ್ತು. ಅದಕ್ಕಿಂತ ಕಡಿಮೆ ನಡಿಗೆಯಿಂದಲೂ ಆರೋಗ್ಯಕ್ಕೆ ಲಾಭವಿದೆ ಎಂದು ನಂತರದ ಅಧ್ಯಯನಗಳು ಹೇಳುತ್ತವೆ. ಆದರೂ ಹತ್ತು ಸಾವಿರ ಆಗದಿದ್ದರೆ ರಾತ್ರಿ ಹಜಾರದಲ್ಲೇ ಅತ್ತಿತ್ತ ಓಡಾಡಿ ಲೆಕ್ಕ ತುಂಬಿಸುವವರಿದ್ದಾರೆ. ಓಡಾಡಿದ್ದರಿಂದ ಕೆಡುಕೇನಿಲ್ಲ.

ಅಳೆದ ಬಗೆಯನ್ನು ಬಿಟ್ಟು ಸಂಖ್ಯೆ ಒಂಟಿಯಾಗಿ ಹೊರಟರೆ ಏನಾಗುತ್ತದೆ ಎಂಬುದನ್ನು ಕರಾವಳಿಯ ಕಂಬಳ ತೋರಿಸಿತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಉದ್ದದ ಕೆಸರಿನ ಓಟದ ಹಾದಿಯನ್ನು, ಅಂದರೆ ಕರೆಯನ್ನು, 13.62 ಸೆಕೆಂಡಿಗೆ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು, ಉಸೇನ್ ಬೋಲ್ಟ್‌ನ 9.58ಕ್ಕಿಂತ ಬೇಗ ಎಂದು ದೇಶವೆಲ್ಲ ಸುದ್ದಿಯಾಯಿತು. ಗಣಿತ ತಪ್ಪಿಲ್ಲ, ಹೋಲಿಕೆ ತಪ್ಪು. ನೂರು ಮೀಟರಿನಲ್ಲಿ ನಿಂತಲ್ಲಿಂದ ವೇಗ ಗಳಿಸುವುದಕ್ಕೇ ಬಹಳ ಸಮಯ ಹೋಗುತ್ತದೆ. ದೂರ ಸ್ವಲ್ಪ ಹೆಚ್ಚಾದರೆ ಆ ನಷ್ಟ ಹಂಚಿಹೋಗುತ್ತದೆ. 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೋಲ್ಟ್ 150 ಮೀಟರ್ ಓಡಿದ್ದು 14.35 ಸೆಕೆಂಡಿಗೆ, ಅದರ ಕೊನೆಯ ನೂರು ಮೀಟರ್ 8.70ಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ಕಂಬಳದಲ್ಲಿ ಗಡಿಯಾರ ಅಳೆಯುವುದು ಕೋಣಗಳ ಓಟವನ್ನು. ಓಡಿಸುವವನು ಅವುಗಳ ಸೆಳೆತಕ್ಕೆ ಮೈಕೊಟ್ಟು, ಕೆಸರು ನೀರಿನಲ್ಲಿ ಬೀಳದೆ ಓಟ ಆರಂಭವಾಗುವ ಗಂತಿನಿಂದ ಅದು ಮುಗಿಯುವ ಮಂಜೊಟ್ಟಿಯವರೆಗೆ ತಲಪಬೇಕು. ಆ ಕೌಶಲ ದೊಡ್ಡದು, ಆದರೆ ಬೇರೆಯದು. ಕ್ರೀಡಾ ಪ್ರಾಧಿಕಾರದ ಟ್ರ್ಯಾಕ್ ಪರೀಕ್ಷೆಗೆ ಕರೆ ಬಂದಾಗ ಗೌಡರು ಹೋಗಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬುದು ಸುದ್ದಿ ಮಾಡಿದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಂಬಳದಲ್ಲಿ ಈಗ ಎರಡು ಹಾದಿಗಳ ಜೋಡುಕರೆಯ ಫಲಿತಾಂಶಕ್ಕೆ ಲೇಸರ್ ಬಳಸುತ್ತಾರೆ. ಕನೆಹಲಗೆ ವಿಭಾಗದಲ್ಲಿ ಮಾತ್ರ ಗಡಿಯಾರಕ್ಕೆ ಕೆಲಸವಿಲ್ಲ. ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದೇ ಅಲ್ಲಿನ ಅಳತೆ.

ರಾಜ್ಯದ ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಸೀಳು ಕ್ಯಾಮೆರಾ ಇರುವುದಿಲ್ಲ. ದೈಹಿಕ ಶಿಕ್ಷಕರ ಕೈಯಲ್ಲಿನ ಸ್ಟಾಪ್‌ವಾಚೇ ಅಲ್ಲಿನ ಯಂತ್ರ. ಈಗಿನ ಡಿಜಿಟಲ್ ಸ್ಟಾಪ್‌ವಾಚ್ ನೂರನೇ ಭಾಗವನ್ನೂ ತೋರಿಸುವುದರಿಂದ ಫಲಿತಾಂಶ ಪಟ್ಟಿಯಲ್ಲಿ 11.27 ಎಂದು ಬರೆಯುವ ಆಸೆ ಸಹಜ. ಬೆರಳಿಗೆ ಆ ನಿಖರತೆ ಇಲ್ಲ. ಕೈ ಸಮಯವನ್ನು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ 11.3 ಎಂದೇ ಬರೆಯಬೇಕೆಂಬುದು ನಿಯಮ. ಹಳ್ಳಿಯ ಹುಡುಗಿಯೊಬ್ಬಳು ಮಣ್ಣಿನ ಮೈದಾನದಲ್ಲಿ ಕೈ ಸಮಯದಲ್ಲಿ ಓಡಿ, ಮುಂದೆ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಯಂತ್ರದ ಸಮಯದಲ್ಲಿ ಓಡಿದಾಗ ಹಿಂದೆ ಬಿದ್ದಳೆಂದು ಕಾಣುವುದು ಎಷ್ಟೋ ಸಲ ಗಡಿಯಾರ ಬದಲಾದದ್ದರಿಂದ ಮಾತ್ರ. ಎಲ್ಲ ಕೂಟಗಳಿಗೂ ಕ್ಯಾಮೆರಾ ಕೊಳ್ಳುವುದು ಸದ್ಯಕ್ಕೆ ಆಗದ ಮಾತು. ಪ್ರತಿ ಸಮಯದ ಮುಂದೆ ಅದು ಕೈಯದೋ ಯಂತ್ರದ್ದೋ, ಮೈದಾನ ಮಣ್ಣಿನದೋ ಸಿಂಥೆಟಿಕ್ಕೋ ಎಂದು ನಮೂದಿಸಲು ಹಣ ಬೇಕಿಲ್ಲ. ಕ್ರೀಡಾಕೂಟ ನಡೆಸುವವರು ಬರುವ ಕೂಟದಿಂದಲೇ ಇದನ್ನು ಶುರುಮಾಡಬೇಕು.